ಮದ್ದುಪಾಯಸದ ಮರುದಿನ

ಸರ್, ಸರ್, ಟಪ್. ಸರ್, ಸರ್, ಟಪ್.

ಮೊರದಲ್ಲಿ ಅಕ್ಕಿ ತರಿ ಕೇರುವ ಸದ್ದು ಇದು. ತರಿ ಎರಡು ಸಲ ಜಾರುತ್ತದೆ, ಆಮೇಲೆ ಮೊರದ ಅಂಚಿಗೆ ಬೆರಳಿನ ಒಂದು ಪೆಟ್ಟು. ಮಡಿಕೇರಿಯ ಇಳಿಜಾರಿನಲ್ಲಿದ್ದ ನಮ್ಮ ಪುಟ್ಟ ಕೇಟರಿಂಗ್ ಇನ್‌ಸ್ಟಿಟ್ಯೂಟಿನ ಹಿಂದಿನ ಜಗಲಿಯಿಂದ ಅದು ಕೇಳಿಬರುತ್ತಿತ್ತು. ಒಳಗೆ ನಾನು ಗಂಜಿ ಹಾಕಿದ ಕಾಟನ್ ಸೀರೆಯುಟ್ಟು, ಚಾಕ್‌ಪೀಸ್ ಹಿಡಿದು, ನನ್ನ ಜೀವನದ ಮೊದಲ ಪಾಠ ಮಾಡುತ್ತಿದ್ದೆ. ಬೋರ್ಡಿನ ಮೇಲೆ ಕಾನ್ವೆಂಟಿನ ದುಂಡಗಿನ ಅಕ್ಷರದಲ್ಲಿ 'ಇಂಟ್ರೊಡಕ್ಷನ್ ಟು ಇಂಡಿಯನ್ ಕ್ವಿಸೀನ್' ಎಂದು ಬರೆದಿದ್ದೆ. ಎದುರಿಗೆ ಇಪ್ಪತ್ತನಾಲ್ಕು ಮಕ್ಕಳು. ಅವರ ಕಣ್ಣು ನನ್ನ ಮೇಲಿತ್ತು, ಕಿವಿ ಜಗಲಿಯಲ್ಲಿತ್ತು. ನನ್ನ ಕಿವಿಯೂ ಅಲ್ಲೇ ಇತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ.

ರಿಟೈರ್ ಆಗಿ ಇಷ್ಟು ವರ್ಷವಾದರೂ ಮಧ್ಯಾಹ್ನದ ಮಂಪರಿನಲ್ಲಿ ಮೊದಲು ಬರುವುದು ಆ ಸದ್ದೇ. ಅದರ ಹಿಂದೆ ಬಾಣಲೆ, ಹಬೆ, ಒದ್ದೆ ಏಪ್ರನ್ನುಗಳು, ಆರು ಒಲೆಯ ಟೇಬಲ್ಲುಗಳು ಒಂದೊಂದಾಗಿ ಮಂಜಿನಿಂದ ಹೊರಬರುತ್ತವೆ. ಕೆಲವು ವಾರಗಳ ಹಿಂದೆ, ನಾನು ಮಾಡುತ್ತಿದ್ದ ಅದೇ ಕೆಲಸಕ್ಕೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಮನೆಗೆ ಬಂದು, "ಮ್ಯಾಮ್, ನಮಗೆ ಏನಾದರೂ ಟಿಪ್ಸ್ ಕೊಡಿ" ಎಂದರು. ಹೋಗುವಾಗ ಗ್ಯಾಸ್ ಆಫ್ ಮಾಡಿ ಎನ್ನುವುದನ್ನು ಬಿಟ್ಟರೆ ಒಂದು ಸಾಲಿನ ಟಿಪ್ ನನ್ನ ಬಳಿ ಬೇರೆ ಇರಲಿಲ್ಲ. ಉಳಿದದ್ದನ್ನು ಕೂತು ಬರೆಯಬೇಕಾಯಿತು.

ಮೊದಲಿಗೆ ಒಂದು ಕನ್ಫೆಷನ್. ಅಡುಗೆ ಕಲಿಸಲು ಹೋದಾಗ ನನಗೆ ಅಡುಗೆ ಬರುತ್ತಿರಲಿಲ್ಲ. ಕಾನ್ವೆಂಟ್ ಬೋರ್ಡಿಂಗ್ ಸ್ಕೂಲಿನಲ್ಲಿ ಸಿಸ್ಟರುಗಳು ವೈಟ್ ಸಾಸ್ ಕಲಿಸಿದ್ದರು, ಸ್ಪಾಂಜ್ ಕೇಕ್ ಕಲಿಸಿದ್ದರು, ನ್ಯಾಪ್ಕಿನ್ನನ್ನು ಹಂಸದ ಹಾಗೆ ಮಡಿಸುವುದನ್ನೂ ಕಲಿಸಿದ್ದರು. ರಜೆಗೆ ಮನೆಗೆ ಬಂದರೆ ಅಡುಗೆಮನೆ ಅಡುಗೆಯವಳದ್ದು, ನನ್ನದು ಡೈನಿಂಗ್ ಟೇಬಲ್. ಹೋಮ್ ಸೈನ್ಸ್ ಡಿಗ್ರಿಯಲ್ಲಿ ಪ್ರೋಟೀನು, ಕ್ಯಾಲರಿ ಓದಿದೆ. ಹೀಗೆ ತಯಾರಾದವಳ ಕೈಗೆ ಇಡೀ ಭಾರತದ ಅಡುಗೆಯ ಪರಿಚಯವನ್ನು ಕೊಟ್ಟುಬಿಟ್ಟರು! ಸಿಲಬಸ್ಸಿನ ಪ್ರಕಾರ ಭಾರತ ಎಂದರೆ ನಾಲ್ಕು ತುಂಡು: ನಾರ್ತ್, ಸೌತ್, ಈಸ್ಟ್, ವೆಸ್ಟ್. ಸೌತ್ ಎಂದರೆ ಇಡ್ಲಿ, ದೋಸೆ, ಸಾಂಬಾರು. ಕೊಡಗಿಗೆ ಕೊನೆಯ ಪುಟದಲ್ಲಿ ಎರಡು ಸಾಲು.

ಆ ಎರಡು ಸಾಲಿನಲ್ಲೇ ನಾನು ಮೊದಲು ಮುಗ್ಗರಿಸಿದ್ದು. ಡೆಮಾನ್‌ಸ್ಟ್ರೇಷನ್ನಿಗೆ ಕಡಂಬುಟ್ಟು ಇಟ್ಟುಕೊಂಡಿದ್ದೆ. ಅಕ್ಕಿ ತರಿಯನ್ನು ಉಪ್ಪುನೀರಿನಲ್ಲಿ ಬೇಯಿಸಿ, ಬಿಸಿಯಿರುವಾಗಲೇ ಉಂಡೆ ಕಟ್ಟಿ, ಮತ್ತೆ ಹಬೆಗಿಡುವ ಕಡುಬು ಅದು. ಬಾಲ್ಯದಿಂದ ತಿಂದದ್ದೇ, ಏನು ಮಹಾ ಎಂದುಕೊಂಡೆ. ಒಂದು ಕಪ್ಪಿಗೆ ಎರಡು ಕಪ್ಪು ನೀರು ಅಳೆದು ಸುರಿದೆ. ತರಿ ಅಂಬಲಿಯಾಯಿತು. ಉಂಡೆ ಕಟ್ಟಲು ಹೋದರೆ ಬೆರಳ ಸಂದಿಯಿಂದ ಇಳಿಯಿತು. ಮಕ್ಕಳು ತುಟಿ ಕಚ್ಚಿಕೊಂಡು ಕೂತಿದ್ದರು.

ಹಿಂದಿನ ಸಿಂಕಿನ ಬಳಿಯಿಂದ ಒಂದು ದನಿ ಬಂತು. "ಮಿಸ್ಸೇ, ಈ ಅಕ್ಕಿ ಯಾವ ವರ್ಷದ್ದು?"

ಅದು ಲೀಲಕ್ಕ, ನಮ್ಮ ಕಿಚನ್ ಅಟೆಂಡರ್. ಜಗಲಿಯಲ್ಲಿ ಮೊರ ಹಿಡಿದು ಕೂರುತ್ತಿದ್ದವರು ಅವರೇ. ಭಾಗಮಂಡಲದ ಕಡೆಯ ಗೌಡರ ಮನೆಯವರು, ನನಗಿಂತ ಹದಿನೇಳು ಹದಿನೆಂಟು ವರ್ಷ ಹಿರಿಯರು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದರು. ಮನೆಯಲ್ಲಿ ಆಡುವ ಅರೆಭಾಷೆಯಲ್ಲಿ ಉಂಟು ಎನ್ನುವ 'ಉಟ್ಟು', ಇಲ್ಲ ಎನ್ನುವ 'ಇಲ್ಲೆ' ಅವರ ಕನ್ನಡದೊಳಗೆ ಆಗಾಗ ನುಸುಳುತ್ತಿದ್ದವು.

"ಅಕ್ಕಿಗೆ ವರ್ಷ ಎಂಥದ್ದು ಲೀಲಕ್ಕ? ಒಂದಕ್ಕೆ ಎರಡು. ಬುಕ್ಕಿನಲ್ಲಿದೆ" ಎಂದೆ.

"ಬುಕ್ಕು ಯಾವ ವರ್ಷದ್ದು?"

ಕ್ಲಾಸ್ ಹೋ ಎಂದು ನಕ್ಕಿತು. ಲೀಲಕ್ಕ ನಗಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಬಂದು, ನಾಲ್ಕು ಕಾಳು ತರಿಯನ್ನು ಹಲ್ಲಿನ ನಡುವೆ ಕಡಿದರು. "ಇದು ಹೊಸ ಅಕ್ಕಿ ಮಿಸ್ಸೇ. ಹೊಟ್ಟೆ ತುಂಬಿದ ಮಗು ಇದ್ದ ಹಾಗೆ, ನೀರು ಬೇಡ ಅಂತದೆ. ಹಳೇ ಅಕ್ಕಿಗೆ ದಾಹ ಜಾಸ್ತಿ ಉಟ್ಟು. ಕಪ್ಪಿಗೆ ಎಂತ ಗೊತ್ತು ಇದೆಲ್ಲ?"

ಅಂದಿನಿಂದ ನನ್ನ ಕ್ಲಾಸಿನಲ್ಲಿ ಅಳತೆಯ ಕಪ್ಪು ಎತ್ತುವ ಮೊದಲು ಎಲ್ಲರೂ ನಾಲ್ಕು ಕಾಳು ಕಡಿಯಬೇಕೆಂಬ ನಿಯಮ ಬಂತು. ಶನಿವಾರಸಂತೆ ಕಡೆಯಿಂದ ಬರುತ್ತಿದ್ದ ರೈತರ ಮಕ್ಕಳು ಕಡಿದ ಸದ್ದಿನಿಂದಲೇ ಹೊಸದೋ ಹಳೆಯದೋ ಹೇಳುತ್ತಿದ್ದರು. ಇನ್‌ಸ್ಪೆಕ್ಷನ್ ಫೈಲಿನಲ್ಲಿ ನಾನು ಅದಕ್ಕೆ 'ಸೆನ್ಸರಿ ಮೆಥಡ್' ಎಂದು ಹೆಸರಿಟ್ಟೆ. ಲೀಲಕ್ಕನ ಹೆಸರು ಹಾಕಲಿಲ್ಲ. ಹಾಕಬೇಕೆಂದು ಹೊಳೆಯಲೂ ಇಲ್ಲ.

ನನ್ನ ಬ್ಲಂಡರುಗಳನ್ನು ಎಣಿಸುತ್ತ ಕೂತರೆ ಈ ಪುಟಗಳು ಸಾಲವು. ಢೋಕ್ಲಾ ಹಿಟ್ಟಿಗೆ ಸೋಡಾ ಹಾಕಿ, ಆಫೀಸಿನಲ್ಲಿ ಫೋನ್ ಬಂತೆಂದು ಹೋಗಿ ಹರಟಿ ಬಂದೆ. ಉಬ್ಬಬೇಕಾದದ್ದು ಸ್ಲೇಟಿನ ಹಾಗೆ ಮಲಗಿತ್ತು. ಬೆಂಗಾಲಿ ಮೀನಿನ ಸಾರಿಗೆ ಸಾಸಿವೆಯನ್ನು ನೀರಿಲ್ಲದೆ ಪುಡಿಮಾಡಿ ಸುರಿದಾಗ ಮೀನು ಬೇವಿನಷ್ಟು ಕಹಿಯಾಯಿತು. ಉಪ್ಪು, ಹಸಿಮೆಣಸು ಸೇರಿಸಿ ನೀರು ಹಾಕಿ ಅರೆಯಬೇಕೆಂದು ನನಗೆ ಯಾರೂ ಹೇಳಿರಲಿಲ್ಲ. ಡಿಯರ್ ಗರ್ಲ್ಸ್, ನಾನು ತಿಂದೇ ಇರದ ತಿಂಡಿಗಳನ್ನು ಕಲಿಸುತ್ತಿದ್ದೆ. ಬೈನಾಕ್ಯುಲರಿನಲ್ಲಿ ನೋಡಿದ ಊರಿಗೆ ದಾರಿ ತೋರಿಸಿದ ಹಾಗೆ.

ರೋಗನ್ ಜೋಶ್ ಕಲಿಸಿದ ದಿನ ಇದು ಬದಲಾಯಿತು. ಕಾಶ್ಮೀರಿ ಮಾಂಸದ ಸಾರು, ಕೆಂಪಗೆ ಎಣ್ಣೆ ತೇಲಬೇಕು. ಉರಿ ಜೋರಾಗಿ ಇಟ್ಟುಕೊಂಡು ನಿಂತಿದ್ದೆ. ಲೀಲಕ್ಕ ಪಕ್ಕದಲ್ಲಿ ಈರುಳ್ಳಿ ಸಿಪ್ಪೆ ಗುಡಿಸುತ್ತಿದ್ದವರು, "ಆ ಊರಿನವ್ರು ಹುಳಿಗೆ ಎಂತ ಹಾಕ್ತಾರೆ ಮಿಸ್ಸೇ?" ಎಂದರು.

"ಮೊಸರು."

"ಹಾಂಗಾದ್ರೆ ಉರಿ ಸಣ್ಣ ಮಾಡಿ. ಒಡೀತದೆ."

ಕಾಶ್ಮೀರ ಯಾವ ದಿಕ್ಕಿಗಿದೆ ಎಂದು ಅವರಿಗೆ ಗೊತ್ತಿರಲಿಲ್ಲ. ಆದರೂ ಆ ಸಾರನ್ನು ಉಳಿಸಿದವರು ಅವರೇ. ಅಂದು ಮನೆಗೆ ನಡೆದು ಹೋಗುವಾಗ ಆ ಪ್ರಶ್ನೆ ನನ್ನ ಜೊತೆಗೇ ಬಂತು. ಹುಳಿಗೆ ಎಂತ ಹಾಕ್ತಾರೆ? ನಾಲ್ಕು ತುಂಡಿನ ಭಾರತವನ್ನು ಒರೆಸಿಹಾಕಿ, ಮರುದಿನ ಬೋರ್ಡಿನ ಮೇಲೆ ಹುಳಿಯ ಮ್ಯಾಪ್ ಬರೆದೆ. ನಮ್ಮಲ್ಲಿ ಕಾಚಂಪುಳಿ: ಕಾಡಿನ ಹಣ್ಣನ್ನು ಕೊಳೆಸಿ, ತೊಟ್ಟಿಕ್ಕಿದ ರಸವನ್ನು ಡಾಂಬರಿನಷ್ಟು ಕಪ್ಪಾಗುವವರೆಗೆ ಕುದಿಸಿದ್ದು, ಹಂದಿಮಾಂಸದ ಪಂದಿ ಕರಿಗೆ ಕೊನೆಗೆ ಒಂದು ಚಮಚ. ಘಟ್ಟ ಇಳಿದರೆ ಪುನರ್ಪುಳಿ. ಮೈಸೂರಿನ ಸಾರಿಗೆ ಹುಣಸೆ, ಆಂಧ್ರದ ಬೇಳೆ ಪಪ್ಪಿಗೆ ಗೋಂಗೂರ ಸೊಪ್ಪು. ಗುಜರಾತಿನ ಬೇಳೆಯಲ್ಲಿ ಅದೇ ಪುನರ್ಪುಳಿ ಕೋಕಂ ಎಂಬ ಹೆಸರಿನಲ್ಲಿ, ಜೊತೆಗೆ ಬೆಲ್ಲ. ಪಂಜಾಬಿನ ಛೋಲೆಗೆ ಒಣಮಾವಿನ ಪುಡಿ, ದಾಳಿಂಬೆ ಬೀಜದ ಪುಡಿ. ಬಂಗಾಳದಲ್ಲಿ ಬೇಸಿಗೆಯ ಬೇಳೆಗೆ ಎಳೆಮಾವು. ಹುಳಿ ಗೊತ್ತಾದರೆ ಉರಿ ಗೊತ್ತಾಗುತ್ತದೆ, ಪಾತ್ರೆ ಗೊತ್ತಾಗುತ್ತದೆ, ಆ ಊರಿನ ಬಿಸಿಲು, ಮಳೆ, ಮರ ಎಲ್ಲ ಗೊತ್ತಾಗುತ್ತದೆ. ಮಕ್ಕಳು ಮರೆಯದೆ ಕಲಿತರು. ನಾನು ಮಾತ್ರ ಆ ಮ್ಯಾಪಿನ ಕೆಳಗೆ ನನ್ನ ಇನಿಷಿಯಲ್ಸ್ ಬರೆದಿದ್ದೆ.

ನಮ್ಮ ಪ್ರಿನ್ಸಿಪಾಲರು ದೊಡ್ಡ ಹೋಟೆಲಿನಲ್ಲಿ ಶೆಫ್ ಆಗಿದ್ದವರು. ಬಿಳಿ ಕೋಟಿನ ಗುಂಡಿ ಗಂಟಲವರೆಗೆ ಹಾಕುತ್ತಿದ್ದರು, ಬೆಳಿಗ್ಗೆ ಎಲ್ಲರ ಉಗುರು ನೋಡುತ್ತಿದ್ದರು, ನನ್ನದೂ ಸೇರಿ. ಕೆಟ್ಟವರಲ್ಲ. ಅವರಿಗೊಂದು ರೂಲ್ ಇತ್ತು: ಡೆಮಾನ್‌ಸ್ಟ್ರೇಷನ್ ಟೇಬಲಿನ ಎದುರಿಗೆ ಟೀಚರ್, ಸಿಂಕಿನ ಬಳಿ ಅಟೆಂಡರ್. ಆದರೆ ಶ್ಯಾವಿಗೆಯಂಥ ನೂಪುಟ್ಟು ಒತ್ತುವುದನ್ನು, ಎಳೆಬಿದಿರಿನ ಕಣಿಲೆಯನ್ನು ಎಷ್ಟು ದಿನ ನೀರಿನಲ್ಲಿಟ್ಟು ವಿಷ ತೆಗೆಯಬೇಕೆನ್ನುವುದನ್ನು, ಕೆಸದೆಲೆ ಗಂಟಲು ಕೆರೆಯದ ಹಾಗೆ ಬೇಯಿಸುವುದನ್ನು ನಾನು ಹೇಗೆ ಕಲಿಸಲಿ? ಲೀಲಕ್ಕನೇ ಟೇಬಲಿಗೆ ಬಂದು ಕಲಿಸುತ್ತಿದ್ದರು, ನಾನು ನೋಟ್ಸ್ ಬರೆಸುತ್ತಿದ್ದೆ. ಕಾರಿಡಾರಿನಲ್ಲಿ ಪ್ರಿನ್ಸಿಪಾಲರ ಬೂಟು ಕೇಳಿಸಿತೋ, ಲೀಲಕ್ಕ ಸಿಂಕಿಗೆ, ಸೌಟು ನನ್ನ ಕೈಗೆ. ಮಕ್ಕಳು ಪುಸ್ತಕಕ್ಕೆ ಮುಖ ಹಾಕಿ ನಗು ನುಂಗುತ್ತಿದ್ದರು. ಹದಿನಾಲ್ಕು ವರ್ಷ ಈ ನಾಟಕ ನಡೆಯಿತು.

ಕೊನೆಗೆ ನಾನೇ ಹೋಗಿ ಪ್ರಿನ್ಸಿಪಾಲರ ಮುಂದೆ ನಿಜ ಹೇಳಿದೆ. ಲೀಲಕ್ಕನನ್ನು ಡೆಮಾನ್‌ಸ್ಟ್ರೇಟರ್ ಮಾಡಿ ಎಂದೆ. ಅವರು ಕನ್ನಡಕ ತೆಗೆದು ಒರೆಸಿ, "ಮುಂದಿನ ಇನ್‌ಸ್ಪೆಕ್ಷನ್ನಿಗೆ ಬರುವವರು ರಿಪೋರ್ಟಿನಲ್ಲಿ ಒಂದು ಸಾಲು ಬರೆಯಲಿ. ನಾನು ಅಡ್ಡಿ ಮಾಡುವುದಿಲ್ಲ" ಎಂದರು.

ಲೀಲಕ್ಕನಿಗೆ ವಿಷಯ ಹೇಳಿದೆ. ಎರಡು ದಿನದ ಮೇಲೆ ಅವರು ಮೈದಾ ಚೀಲ ಒಗೆದು ಹೊಲಿದ ಬಿಳಿ ಏಪ್ರನ್ ತಂದು, ಪತ್ರಿಕೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟರು. "ಈಗ ಹಾಕ್ಲಿಕ್ಕೆ ಅಲ್ಲ, ಆ ದಿನಕ್ಕೆ" ಎಂದರು.

ಇನ್‌ಸ್ಪೆಕ್ಷನ್ ಬಿದ್ದದ್ದು ಆಟಿ ಹದಿನೆಂಟಕ್ಕೆ. ನಮ್ಮ ಕೊಡವರ ಮನೆಯಲ್ಲಿ ಕಕ್ಕಡ ಎನ್ನುವ ಮಳೆಗಾಲದ ತಿಂಗಳು ಲೀಲಕ್ಕನ ಮನೆಯಲ್ಲಿ ಆಟಿ. ಆ ತಿಂಗಳ ಹದಿನೆಂಟನೆಯ ದಿನ ಕಾಡಿನಲ್ಲಿ ಬೆಳೆಯುವ ಮದ್ದುಸೊಪ್ಪಿಗೆ ಹದಿನೆಂಟು ಬಗೆಯ ಔಷಧದ ಗುಣ ಸೇರುತ್ತದೆ ಎಂದು ಕೊಡಗಿನಲ್ಲಿ ಎಲ್ಲರೂ ನಂಬುತ್ತಾರೆ. ಸೊಪ್ಪಿಗೆ ಆಗ ಬರುವ ಪರಿಮಳ ಬೇರೆ ದಿನ ಇರುವುದಿಲ್ಲ. ಮೆನು ನಾನೇ ಆರಿಸಿದೆ: ಅಕ್ಕಿ ತರಿಗೆ ತೆಂಗಿನಕಾಯಿ ಸೇರಿಸಿ ಹಬೆಗಿಡುವ ಪಾಪುಟ್ಟು, ಕೋಳಿ ಸಾರು, ಕಣಿಲೆ ಪಲ್ಯ, ಕೊನೆಗೆ ಮದ್ದುಪಾಯಸ. ಬೆಳಿಗ್ಗೆ ಲೀಲಕ್ಕ ಒದ್ದೆ ಸೊಪ್ಪಿನ ಕಟ್ಟನ್ನು ಕಂಕುಳಲ್ಲಿಟ್ಟುಕೊಂಡು ಬಂದರು. ಕುದಿಯತೊಡಗಿದಾಗ ಆ ಸಿಹಿ ಪರಿಮಳ ಕಾರಿಡಾರು ದಾಟಿ, ಮೆಟ್ಟಿಲು ಇಳಿದು, ಗೇಟಿನವರೆಗೆ ಹೋಯಿತು. ನೀರು ನಮ್ಮ ಕಾನ್ವೆಂಟಿನ ಇಂಕಿನ ಹಾಗೆ ಗಾಢ ನೇರಳೆಯಾಯಿತು. ಅದರಲ್ಲಿ ಅಕ್ಕಿ ಬೆಂದಿತು, ಬೆಲ್ಲ ಕರಗಿತು, ತೆಂಗಿನ ಹಾಲು ಬಿದ್ದಾಗ ಮೋಡದ ಹಾಗೆ ಹರಡಿತು. ಏಪ್ರನ್ ಕಟ್ಟಿಕೊಂಡ ಲೀಲಕ್ಕ ಟೇಬಲಿನ ಎದುರಿಗೆ ನಿಂತು ಸೌಟು ತಿರುವುತ್ತಿದ್ದರು. ಕನಸು ಕಂಡ ಹಾಗಿತ್ತು.

ಇನ್‌ಸ್ಪೆಕ್ಟರ್ ಬೇರೆ ರಾಜ್ಯದ ಹಿರಿಯರು. ಕನ್ನಡ ಬಾರದು, ಮಾತು ಮೃದು. ಮೂರು ಬಟ್ಟಲು ಪಾಯಸ ತಿಂದರು. "ದಿಸ್ ಲೇಡಿ ಮಸ್ಟ್ ಟೀಚ್" ಎಂದು ಪ್ರಿನ್ಸಿಪಾಲರ ಎದುರಿಗೇ ಹೇಳಿದರು. ಸಾಲು ಬಂದೇಬಿಟ್ಟಿತು ಎಂದುಕೊಂಡೆ.

ಆಗ ಲೀಲಕ್ಕ ನನ್ನ ಸೆರಗು ಎಳೆದರು. "ಮಿಸ್ಸೇ, ಅವ್ರಿಗೆ ಹೇಳಿ."

"ಏನು?"

"ನಾಳೆದ್ದು. ಕೆಂಪಗೆ ಹೋಗ್ತದೆ ಅಂತ. ಹೊರಗಿನವ್ರು, ಗೊತ್ತಿಲ್ಲೆ ಅವ್ರಿಗೆ."

ಮದ್ದುಪಾಯಸ ತಿಂದ ಮರುದಿನ ಮೂತ್ರ ರಕ್ತದ ಬಣ್ಣಕ್ಕಿರುತ್ತದೆ. ಏನೂ ಅಪಾಯವಿಲ್ಲ, ಸೊಪ್ಪಿನ ಬಣ್ಣವದು. ಕೊಡಗಿನಲ್ಲಿ ಹುಟ್ಟಿದ ಮಗುವಿಗೂ ಗೊತ್ತು. ಮಕ್ಕಳು ಬೆಳಿಗ್ಗೆ ನೋಡಿ ಕೂಗಿಕೊಂಡು ನಗುತ್ತಾರೆ, ಮದ್ದು ಮೈಗೆ ಹಿಡಿಯಿತೆಂದು ಅಜ್ಜಿಯರು ಸಮಾಧಾನಪಡುತ್ತಾರೆ. ಎಲ್ಲರಿಗೂ ಗೊತ್ತಿರುವುದನ್ನು ನಾವು ಯಾರಿಗೂ ಹೇಳುವುದಿಲ್ಲ.

"ನಿಮಗೆ ಇಂಗ್ಲಿಷಲ್ಲಿ ಕಷ್ಟ ಆದ್ರೆ ನಾನೇ ಕೈಸನ್ನೆ ಮಾಡಿ ಹೇಳ್ತೇನೆ" ಎಂದರು ಲೀಲಕ್ಕ.

"ಅಯ್ಯೋ, ಬೇಡ ಲೀಲಕ್ಕ! ನಾನು ಡೀಸೆಂಟಾಗಿ ಹೇಳ್ತೇನೆ."

ಹೇಗೆ ಹೇಳಲಿ? ಕಾನ್ವೆಂಟಿನಲ್ಲಿ ನಾವು 'ಮೇ ಐ ಬಿ ಎಕ್ಸ್‌ಕ್ಯೂಸ್ಡ್, ಸಿಸ್ಟರ್' ಎನ್ನುತ್ತಿದ್ದೆವು, ಅದನ್ನೂ ನೆಲ ನೋಡಿಕೊಂಡು. ಒಬ್ಬ ಜೆಂಟಲ್‌ಮನ್ ಮುಂದೆ ಆ ಪದ ನನ್ನ ನಾಲಗೆಗೆ ಬರಲು ಸಾಧ್ಯವೇ ಇರಲಿಲ್ಲ. ಕೈತೊಳೆಯುತ್ತಿದ್ದ ಅವರ ಬಳಿ ಹೋಗಿ, ಗಂಟಲು ಸರಿಮಾಡಿಕೊಂಡು, "ಸರ್, ಟುಮಾರೋ ಮಾರ್ನಿಂಗ್ ಯು ಮೇ ನೋಟಿಸ್ ಎ ಸ್ಲೈಟ್ ಚೇಂಜ್" ಎಂದೆ.

"ಇನ್ ದ ವೆದರ್?"

ನಾನು ಕಿಟಕಿಯ ಹೊರಗೆ ನೋಡಿದೆ. "ಯೆಸ್ ಸರ್. ಇನ್ ದ ವೆದರ್."

ವಾಪಸ್ ಬಂದಾಗ ಲೀಲಕ್ಕ ಕೇಳಿದರು. "ಹೇಳಿದ್ರಾ?"

"ಹೇಳಿದೆ."

ಮರುದಿನ ಬೆಳಿಗ್ಗೆ ಪಾಪ, ಆ ಹಿರಿಯರು ಲಾಡ್ಜಿನ ಬಾತ್‌ರೂಮಿನಲ್ಲಿ ಗೋಡೆ ಹಿಡಿದು ನಿಂತರಂತೆ. ಕೊನೆಗಾಲ ಬಂತೆಂದು ಮನೆಗೆ ಫೋನ್ ಮಾಡಿ, ಆಟೋ ಹಿಡಿದು ಆಸ್ಪತ್ರೆಗೆ ಹೋದರಂತೆ. ಅಲ್ಲಿ ನರ್ಸಮ್ಮ ಮೊದಲು ಕೇಳಿದ್ದು, "ನಿನ್ನೆ ಪಾಯಸ ತಿಂದ್ರಾ ಸರ್?" ಅಕ್ಕಪಕ್ಕದ ಬೆಂಚಿನವರೆಲ್ಲ ನಕ್ಕರಂತೆ. ಹೆದರಿಕೆ ಹೋಯಿತು, ಅವಮಾನ ಉಳಿಯಿತು. ನೇರವಾಗಿ ನಮ್ಮ ಆಫೀಸಿಗೆ ಬಂದು, ಅತಿಥಿಗೆ ಹೇಳದೆ ಇಂಥದ್ದನ್ನು ತಿನ್ನಿಸುವ ಕಿಚನ್ ಎಂಥ ಕಿಚನ್ ಎಂದು ಕೂಗಿ ಹೊರಟುಹೋದರು.

ಪ್ರಿನ್ಸಿಪಾಲರು ನಮ್ಮಿಬ್ಬರನ್ನೂ ಕರೆಸಿದರು. ಲೀಲಕ್ಕ ಒದ್ದೆ ಕೈಯಲ್ಲೇ ಬಂದು ಬಾಗಿಲ ಬಳಿ ನಿಂತರು.

"ಹೂ ವಾಸ್ ರೆಸ್ಪಾನ್ಸಿಬಲ್ ಫಾರ್ ದಿಸ್ ಐಟಂ?" ಪ್ರಿನ್ಸಿಪಾಲರ ಮುಖ ಬಿಳಿಚಿತ್ತು. ಅಂಥ ದನಿ ನಾನು ಅವರಿಂದ ಕೇಳಿರಲಿಲ್ಲ.

"ಇಟ್ ವಾಸ್ ಹರ್ ಐಟಂ, ಸರ್" ಎಂದೆ.

"ಆ್ಯಂಡ್ ನೋಬಡಿ ಥಾಟ್ ಆಫ್ ವಾರ್ನಿಂಗ್ ಹಿಮ್?"

"ಶಿ ಡಿಡ್ ನಾಟ್ ರಿಮೈಂಡ್ ಮಿ, ಸರ್."

ಪೂರ್ತಿ ಇಂಗ್ಲಿಷಿನಲ್ಲಿ ಹೇಳಿದೆ. ಪಕ್ಕದಲ್ಲೇ ನಿಂತವರಿಗೆ ತಿಳಿಯಬಾರದೆಂದೇ ಹೇಳಿದೆ. ಲೀಲಕ್ಕ ನನ್ನನ್ನೊಮ್ಮೆ, ಪ್ರಿನ್ಸಿಪಾಲರನ್ನೊಮ್ಮೆ ನೋಡಿದರು. ನಾನು ಅವರ ಪರವಾಗಿ ಮಾತಾಡುತ್ತಿದ್ದೇನೆ ಎಂದುಕೊಂಡಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ.

ರಿಪೋರ್ಟಿನಲ್ಲಿ ಆ ಸಾಲು ಬರಲಿಲ್ಲ. ಡೆಮಾನ್‌ಸ್ಟ್ರೇಟರ್ ಮಾತು ಅಲ್ಲಿಗೆ ನಿಂತಿತು. ಲೀಲಕ್ಕನನ್ನು ಹಾಸ್ಟೆಲಿನ ಹಿಂದೆ ಪಾತ್ರೆ ತೊಳೆಯುವ ಕಟ್ಟೆಗೆ ಹಾಕಿದರು. ನಿವೃತ್ತಿಯವರೆಗೆ, ಮೂರು ವರ್ಷ, ನೂರಾರು ತಟ್ಟೆ ತಿಕ್ಕುತ್ತ ಅಲ್ಲೇ ಇದ್ದರು. ದಾರಿಯಲ್ಲಿ ಸಿಕ್ಕರೆ, "ಊಟ ಆಯ್ತಾ ಮಿಸ್ಸೇ?" ಎನ್ನುತ್ತಿದ್ದರು. ಆಯ್ತು ಎಂದು ನಾನು ಬೇಗ ಬೇಗ ನಡೆಯುತ್ತಿದ್ದೆ.

ಆಮೇಲೆ ಎಷ್ಟೋ ಬದಲಾಯಿತು. ಸ್ಟೀಲಿನ ಟೇಬಲ್ ಬಂತು, ಡಿಜಿಟಲ್ ತಕ್ಕಡಿ ಬಂತು. ನಾನು ಬಾಯಿ ತೆರೆಯುವ ಮೊದಲೇ ಮಕ್ಕಳು ರೋಗನ್ ಜೋಶಿನ ವಿಡಿಯೊ ನೋಡಿ ಬರುತ್ತಿದ್ದರು. ನನ್ನ ಇನಿಷಿಯಲ್ಸ್ ಇದ್ದ ಹುಳಿಯ ಮ್ಯಾಪ್ ಹ್ಯಾಂಡ್‌ಬುಕ್ಕಿನಲ್ಲಿ ಅಚ್ಚಾಯಿತು. ಪ್ರತಿ ಜೂನಿನಲ್ಲಿ ಅದನ್ನೇ ಬರೆದು, "ಹುಳಿ ಗೊತ್ತಾದರೆ ಉರಿ ಗೊತ್ತಾಗುತ್ತದೆ" ಎನ್ನುವಾಗ ಗಂಟಲಿನಲ್ಲಿ ಕೆಸ ಕೆರೆದ ಹಾಗಾಗುತ್ತಿತ್ತು. ಹೊಸದಾಗಿ ಸೇರಿದ ನೀವಿಬ್ಬರು ಕೇಳಿದ್ದು ಟಿಪ್ಸ್ ಅಲ್ಲವೆ? ಅತಿಥಿಗೆ ತಟ್ಟೆಯಲ್ಲಿ ಏನಿದೆ ಎಂದಷ್ಟೇ ಅಲ್ಲ, ಮರುದಿನ ಏನಾಗುತ್ತದೆ ಎಂದೂ ಹೇಳಿ. ಯೂರಿನ್ ಎನ್ನುವುದು ಕೆಟ್ಟ ಪದವಲ್ಲ. ಯಾರಿಂದ ಕಲಿತಿರೋ ಅವರ ಹೆಸರನ್ನು ಬೋರ್ಡಿನ ಮೇಲೆ ಬರೆದ ಮೇಲೆ ಪಾಠ ಶುರುಮಾಡಿ. ಆ ಮ್ಯಾಪ್ ಲೀಲಕ್ಕನದ್ದು. ಈ ವರ್ಷದಿಂದ ಹಾಗೆಯೇ ಹೇಳಿ.

ನಾನು ರಿಟೈರ್ ಆದ ಬೇಸಿಗೆಯಲ್ಲಿ ಬಸ್ಸು ಹತ್ತಿ, ಜೀಪು ಹತ್ತಿ, ಲೀಲಕ್ಕನ ಮನೆಗೆ ಹೋದೆ. ಅವರನ್ನು ನೋಡಿದ್ದು ಅದೇ ಕೊನೆ. ಮುಂದಿನ ಮಳೆಗಾಲ ಮುಗಿಯುವ ಮೊದಲೇ ಹೋಗಿಬಿಟ್ಟರು. ಅಂದು ಮನೆ ತುಂಬ ಗದ್ದಲವಿತ್ತು. ಮೊಮ್ಮಕ್ಕಳು ಅಂಗಳದಲ್ಲಿ ಓಡುತ್ತಿದ್ದರು, ಸೊಸೆ ಒಳಗೆ ರೊಟ್ಟಿ ತಟ್ಟುತ್ತಿದ್ದಳು. ಲೀಲಕ್ಕ ಜಗಲಿಯಲ್ಲಿ ಹಲಸಿನ ಬೀಜ ಸುಲಿಯುತ್ತ ಕೂತಿದ್ದರು.

"ಮಿಸ್ಸು ಬಂದ್ರು ನೋಡು, ಚಪ್ಪಲಿಗೆ ಧೂಳು ಮಾಡಿಕೊಂಡು!" ಎಂದು ಸೊಸೆಯನ್ನು ಕೂಗಿದರು.

ಅಕ್ಕಿ ರೊಟ್ಟಿ, ಕಾಡುಮಾವಿನ ಸಾರು ಬಡಿಸಿದರು. ತಿಂದೆ. ಬರುವಾಗ ಜೀಪಿನಲ್ಲಿ ಬಾಯಿಪಾಠ ಮಾಡಿಕೊಂಡಿದ್ದ ಮಾತೆಲ್ಲ ಮರೆತುಹೋಯಿತು. "ಲೀಲಕ್ಕ, ಆವತ್ತು ಆಫೀಸಿನಲ್ಲಿ ನಾನು ಇಂಗ್ಲಿಷಿನಲ್ಲಿ..." ಎಂದಷ್ಟೇ ಹೇಳಲಾಯಿತು.

"ನಾನು ನೆನಪು ಮಾಡ್ಲಿಲ್ಲೆ ಅಂತ ಹೇಳಿದ್ರಿ."

ನನ್ನ ಕೈ ತಟ್ಟೆಯಲ್ಲೇ ನಿಂತಿತು. "ನಿಮಗೆ ಅರ್ಥ ಆಗಿತ್ತಾ?"

"ಹದಿನಾಲ್ಕು ವರ್ಷ ನಿಮ್ಮ ಪಾಠ ಕೇಳಿದವಳು ಮಿಸ್ಸೇ ನಾನು. ಸಿಂಕಿನ ಹತ್ರ ನಿಂತ್ರೆ ಕಿವಿ ಮುಚ್ಚಿ ಹೋಗ್ತದಾ?" ಅವರು ಇನ್ನೊಂದು ಬೀಜ ಸುಲಿದರು. ದನಿಯಲ್ಲಿ ಸಿಟ್ಟಿರಲಿಲ್ಲ.

"ಮತ್ತೆ ಅಲ್ಲೇ ಯಾಕೆ ಹೇಳಲಿಲ್ಲ?"

"ನೀವೇ ಹೇಳ್ತೀರಿ ಅಂತ ಕಾದೆ. ಆ ದಿನ ಕಾದೆ. ಮತ್ತೆ ದಿನಾ ಊಟ ಆಯ್ತಾ ಅಂತ ಕೇಳ್ತಿದ್ದೆ ಅಲ್ವಾ, ನಿಂತು ಮಾತಾಡ್ತೀರಾ ಅಂತ."

ಸಾರಿ ಎಂದೆ. ಕಾನ್ವೆಂಟಿನಲ್ಲಿ ದಿನಕ್ಕೆ ಹತ್ತು ಸಲ ಹೇಳುತ್ತಿದ್ದ ಪದ, ಅಲ್ಲಿ ಬಹಳ ಸಣ್ಣದಾಗಿ ಕೇಳಿಸಿತು. ತಟ್ಟೆ ಹಿಡಿದು ಎದ್ದೆ. ಸೊಸೆ ಓಡಿಬಂದು, "ಅಯ್ಯೋ, ಕೊಡಿ ಮಿಸ್, ನೆಂಟರು ತಟ್ಟೆ ತೊಳೀಲಿಕ್ಕುಂಟಾ!" ಎಂದು ಕೈ ಚಾಚಿದಳು.

"ಬಿಡು, ತೊಳೀಲಿ" ಎಂದರು ಲೀಲಕ್ಕ.

ಅಂಗಳದ ಮೂಲೆಯ ಕಲ್ಲಿನ ಕಡೆಗೆ ಗಲ್ಲದಿಂದಲೇ ತೋರಿಸಿದರು. "ಅಲ್ಲಿ ಬೂದಿ ಉಟ್ಟು, ತೆಂಗಿನ ನಾರುಟ್ಟು."

ಸೀರೆ ಎತ್ತಿ ಸಿಕ್ಕಿಸಿಕೊಂಡು ಕುಕ್ಕರುಗಾಲಿನಲ್ಲಿ ಕೂತೆ. ಮಂಡಿ ನೋಯುತ್ತಿತ್ತು. ಮೊಮ್ಮಕ್ಕಳು ಆಟ ಬಿಟ್ಟು ಸುತ್ತ ನಿಂತರು. ಲೀಲಕ್ಕ ಬೀಜದ ಮೊರವನ್ನು ಬದಿಗಿಟ್ಟು, ಕೋಲೂರಿಕೊಂಡು ಜಗಲಿಯ ತುದಿಗೆ ಬಂದು ಕೂತರು.

"ಹಿಂದೆಯೂ ತಿಕ್ಕಿ ಮಿಸ್ಸೇ. ಅಂಚು ಬಿಡಬೇಡಿ."

ಹಿಂದೆಯೂ ತಿಕ್ಕಿದೆ, ಅಂಚನ್ನೂ ತಿಕ್ಕಿದೆ, ತೊಳೆದು ಬಿಸಿಲಿಗೆ ಎತ್ತಿ ತೋರಿಸಿದೆ. ಅವರು ಕಣ್ಣು ಕಿರಿದು ಮಾಡಿ ತಟ್ಟೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಇನ್ನೊಂದ್ಸಲ" ಎಂದರು.

ನಾನು ಮತ್ತೆ ಬೂದಿಗೆ ಕೈ ಹಾಕಿದೆ.